ಗೆರೆ ಯಾರಪ್ಪನದು

ಹಿಮ್ಮಡಿ ನೋವಿಗೆ ಡಾಕ್ಟರು ಹೇಳಿದ ಮದ್ದು ಹಳೆಯ ಟೆನಿಸ್ ಚೆಂಡು. ಗುಳಿಗೆಯನ್ನೂ ಬರೆದುಕೊಟ್ಟರು ಅನ್ನಿ, ಅದನ್ನು ನಾನು ನುಂಗಲಿಲ್ಲ. ಊಟವಾದ ಮೇಲೆ ಟೀವಿ ಮುಂದೆ ಕುರ್ಚಿ ಎಳೆದುಕೊಂಡು, ಚೆಂಡನ್ನು ಅಂಗಾಲಡಿ ಇಟ್ಟು ಹಿಂದೆ ಮುಂದೆ ಉರುಳಿಸುತ್ತೇನೆ. ನನ್ನ ಮೊಮ್ಮಗಳು ಪ್ರಣತಿ ಬಡಿದು ಬಡಿದು ಮೈಮೇಲಿನ ರೋಮವೆಲ್ಲ ಉದುರಿ ಬೋಳಾದ ಚೆಂಡು ಅದು. ಟೀವಿಯಲ್ಲಿ ಟೆನಿಸ್ ಇದ್ದ ದಿನ ನೋವು ಬೇಗ ಇಳಿಯುತ್ತದೆ. ಸಿಟ್ಟಿಗೆ ಕಾಲು ಜೋರಾಗಿ ಒತ್ತುತ್ತದಲ್ಲ, ಅದಕ್ಕೆ.

ಯಾವ ಸಿಟ್ಟು ಅಂತ ಕೇಳುತ್ತೀರಿ. ನೀವು ಈ ಆಟ ನೋಡುವವರಾಗಿದ್ದರೆ ಕೇಳಬೇಕಾಗಿಲ್ಲ. ನೋಡದವರಾಗಿದ್ದರೆ ಇಷ್ಟು ತಿಳಿದುಕೊಳ್ಳಿ, ಸಾಕು: ನಡುವೆ ಒಂದು ಬಲೆ, ಸುತ್ತ ಬಿಳಿ ಗೆರೆ. ಚೆಂಡು ಗೆರೆಯೊಳಗೆ ಬಿದ್ದರೆ ಸರಿ, ಹೊರಗೆ ಬಿದ್ದರೆ ತಪ್ಪು. ಗೆರೆಯನ್ನು ಮುಟ್ಟಿದರೂ ಸರಿ. ಉಳಿದದ್ದೆಲ್ಲ ಉಳ್ಳವರು ಹಾಕಿದ ಒಗ್ಗರಣೆ.

ದೊಡ್ಡ ಆಟಗಾರ ಸೋಲುವ ಹೊತ್ತಿಗೆ ಅವನಿಗೆ ಪಾಯಖಾನೆ ನೆನಪಾಗುತ್ತದೆ. ಚೀಲ ಎತ್ತಿಕೊಂಡು ಒಳಗೆ ಹೋದನೆಂದರೆ ನಾನು ಇಲ್ಲಿ ಚಹಾ ಮಾಡಿ ಕುಡಿದು ಬಟ್ಟಲು ತೊಳೆದಿಟ್ಟರೂ ಹೊರಗೆ ಬರುವುದಿಲ್ಲ. ಆ ಕಡೆ ಎದುರಿನ ಹುಡುಗ ಬೆವರು ಆರಿ, ಕಾಲು ಹಿಡಿದುಕೊಂಡು, ಮದುವೆಮನೆಯಲ್ಲಿ ಯಾರೂ ಮಾತಾಡಿಸದ ಬೀಗರ ಹಾಗೆ ಕೂತಿರುತ್ತಾನೆ. ಬಂದ ಮೇಲೆ ಆಟವೇ ತಿರುಗುತ್ತದೆ. ಇದನ್ನು ಟೀವಿಯಲ್ಲಿ ಮಾತಾಡುವವರು ಮನೋಬಲ ಅನ್ನುತ್ತಾರೆ. ನಮ್ಮ ಓಣಿಯಲ್ಲಿ ಇದಕ್ಕೆ ಬೇರೆ ಹೆಸರಿತ್ತು, ಇಲ್ಲಿ ಬರೆಯಲಾರೆ.

ಹಾಗೆ ನಾನು ಟೀವಿಗೆ ಬೈಯುವಾಗ ನನ್ನ ಮಗ ಬಸು ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಸರ್ಕಾರಿ ಕಾರ್ಖಾನೆಯಲ್ಲಿ ಅವನಪ್ಪನ ಹಾಗೆಯೇ ನೌಕರಿ. ಅವನಪ್ಪನ ಹಾಗೆಯೇ ಮೆಲುದನಿ. ಹೈದರಾಬಾದಿನ ಕೂಕಟ್‌ಪಲ್ಲಿಯ ಈ ಫ್ಲ್ಯಾಟಿನಲ್ಲಿ ಗೋಡೆಗಳು ತೆಳ್ಳಗೆ, ಪಕ್ಕದ ಮನೆಯವರು ನನ್ನ ದನಿ ಕೇಳಿ ಒಂದು ಸಲ ಅತ್ತೆ-ಸೊಸೆ ಜಗಳವೆಂದು ಬಿಡಿಸಲು ಬಂದಿದ್ದರು. ಸೊಸೆ ಪಾಪ ಡ್ಯೂಟಿಗೆ ಹೋಗಿದ್ದಳು.

ನಾನು ಓದಿದ್ದು ನಾಲ್ಕನೇ ಇಯತ್ತೆ. ಆದರೆ ಗೆರೆಯ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನ್ನ ತವರು ಗುಳೇದಗುಡ್ಡ, ನೇಕಾರರ ಓಣಿ. ಮಗ್ಗದ ಸದ್ದು ನಿಂತ ಹೊತ್ತಿನಲ್ಲಿ ನಾವು ಹುಡುಗಿಯರು ಪರಸಿಕಲ್ಲಿನ ಮೇಲೆ ಇದ್ದಲಿಯಿಂದ ಮನೆ ಬರೆದು ಕುಂಟಬಿಲ್ಲೆ ಆಡುತ್ತಿದ್ದೆವು. ಅಲ್ಲಿ ಲೆಕ್ಕ ತಿರುಗುಮುರುಗು: ಗೆರೆ ತುಳಿದರೆ ಸತ್ತಳು. ಕಮಲಿ ಅಂತ ಒಬ್ಬಳಿದ್ದಳು, ಓಣಿಯ ದೊಡ್ಡ ಅಂಗಡಿಯವರ ಮಗಳು. ಬಿಲ್ಲೆ ಅವಳದು, ಇದ್ದಲಿ ಅವಳದು, ಪರಸಿಕಲ್ಲು ಹಾಸಿದ ಕಟ್ಟೆಯೂ ಅವಳ ಅಪ್ಪನದು. ತುಳಿದಿಲ್ಲ, ತುಳಿದಿಲ್ಲ ಅಂತ ಅವಳು ಎಷ್ಟು ಆಣೆ ಹಾಕಿದರೂ ನಾವು ಕೇಳುತ್ತಿದ್ದದ್ದು ಒಂದೇ: ಅಂಗಾಲು ತೋರಿಸು. ಇದ್ದಲಿ ಮುಲಾಜು ನೋಡುವುದಿಲ್ಲ. ಅಂಗಾಲು ಕಪ್ಪಾಗಿದ್ದರೆ ಕಮಲಿಯೂ ಹೊರಗೆ, ಮೂಗು ಸುರಿಸಿಕೊಂಡು ಕಟ್ಟೆಯ ತುದಿಗೆ. ಕೂಡಲೇ ಬಿಲ್ಲೆ ಕಸಿದುಕೊಂಡು ಮನೆಗೆ ಹೋಗುತ್ತಿದ್ದಳು, ಅದು ಬೇರೆ. ನಾವು ಹಂಚಿನ ಚೂರು ಹುಡುಕಿಕೊಂಡು ಆಟ ಮುಂದುವರಿಸುತ್ತಿದ್ದೆವು.

ಮದುವೆಯಾಗಿ ಹೈದರಾಬಾದಿಗೆ ಬಂದಾಗ ಕಾರ್ಖಾನೆಯ ಕ್ವಾರ್ಟರ್ಸು. ನಮ್ಮ ಸಾಲಿನ ಹಿಂದೆ ಅಧಿಕಾರಿಗಳ ಕ್ಲಬ್ಬು, ಅದರ ಗೋಡೆಯಾಚೆ ಕೆಂಪು ಮಣ್ಣಿನ ಟೆನಿಸ್ ಅಂಗಳ. ಸಂಜೆ ನಾವು ಹೆಂಗಸರು ಸೊಪ್ಪು ಬಿಡಿಸುತ್ತ ಗೋಡೆಯ ಈಚೆ ಕೂತು ಆಟ ನೋಡುತ್ತಿದ್ದೆವು. ಗೆರೆ ಮುಟ್ಟಿದ ಚೆಂಡಿಗೆ ಪಾಯಿಂಟು ಕೊಟ್ಟಿದ್ದು ನೋಡಿ ಮೊದಲ ದಿನವೇ ನಮ್ಮ ಮನೆಯವರ ಜೊತೆ ಜಗಳವಾಡಿದೆ. ಈ ಆಟದಲ್ಲಿ ಹಾಗೇ ಅಂತ ಅವರು ತಿಳಿಸಿ ಹೇಳಿದರು. ಸರಿ, ಒಪ್ಪಿದೆ. ಆಟಕ್ಕೊಂದು ನೇಮ, ಇರಲಿ. ಆದರೆ ಇನ್ನೊಂದು ನೇಮ ಯಾರೂ ಬಾಯಿ ಬಿಟ್ಟು ಹೇಳದೆ ನಡೆಯುತ್ತಿತ್ತು. ಕಾರ್ಖಾನೆಯ ದೊಡ್ಡ ಸಾಹೇಬರ ಚೆಂಡು ಯಾವತ್ತೂ ಹೊರಗೆ ಬೀಳುತ್ತಿರಲಿಲ್ಲ. ಗೆರೆಯಿಂದ ಮೊಳ ದೂರ ಬಿದ್ದರೂ ಎದುರಿನ ಸಣ್ಣ ಅಧಿಕಾರಿ ಕೈ ಚಾಚಿ ‘ಗುಡ್ ಶಾಟ್ ಸರ್’ ಅನ್ನುತ್ತಿದ್ದ. ಕೆಂಪು ಮಣ್ಣಿನಲ್ಲಿ ಚೆಂಡಿನ ಗುರುತು ಎಲ್ಲರಿಗೂ ಕಾಣುವ ಹಾಗೆ ಬಾಯಿ ತೆರೆದುಕೊಂಡಿರುತ್ತಿತ್ತು. ನಾನು ಕೇಳಿದ್ದಕ್ಕೆ ನಮ್ಮ ಮನೆಯವರು ಹೇಳಿದ ಮಾತು ಇವತ್ತಿಗೂ ಮರೆತಿಲ್ಲ.

“ಸಾಹೇಬರ ಬಾಲು ಹೊರಗ ಬಿದ್ರ, ಅದನ್ನ ಹೊರಗ ಅಂದಾವನ ಪ್ರಮೋಷನ್ನೂ ಅದರ ಬಾಜೂಕ ಬೀಳತೈತಿ.”

ಅವರು ನಗುತ್ತ ಹೇಳಿದರು. ನನಗೆ ನಗು ಬರಲಿಲ್ಲ. ಆ ಸಾಹೇಬರು ಮುಂದೆ ಬೇರೆ ಊರಿಗೆ ವರ್ಗವಾಗಿ ಹೋಗಿ, ಅಲ್ಲಿ ತಮಗಿಂತ ದೊಡ್ಡ ಸಾಹೇಬರ ಜೊತೆ ಆಡಿ, ಟೆನಿಸ್ಸನ್ನೇ ಬಿಟ್ಟರಂತೆ. ಅವರ ಚೆಂಡುಗಳು ಅಲ್ಲಿ ಇದ್ದಕ್ಕಿದ್ದಂತೆ ಹೊರಗೆ ಬೀಳತೊಡಗಿರಬೇಕು.

ಈಗ ಟೀವಿಯಲ್ಲಿ ನೋಡುವುದೂ ಅದೇ, ಅಂಗಳ ಮಾತ್ರ ದೊಡ್ಡದು. ವೈಲ್ಡ್ ಕಾರ್ಡ್ ಅಂತ ಒಂದಿದೆ. ಪಾಳಿ ಬರದವರನ್ನು ಹಿಂಬಾಗಿಲಿನಿಂದ ಒಳಗೆ ಕರೆದುಕೊಳ್ಳುವ ಚೀಟಿ. ಎಲ್ಲಕ್ಕಿಂತ ದೊಡ್ಡ ಟೂರ್ನಮೆಂಟುಗಳನ್ನು ನಡೆಸುವ ದೇಶಗಳು ನಾಲ್ಕೇ. ಅವು ತಮ್ಮ ಮನೆ ಹುಡುಗರಿಗೆ ಕೊಡುತ್ತವೆ, ಉಳಿದದ್ದನ್ನು ಕೆಲವು ತಮ್ಮತಮ್ಮೊಳಗೇ ಬದಲಾಯಿಸಿಕೊಳ್ಳುತ್ತವೆ, ದೊಡ್ಡ ಮನೆತನದ ಹೆಂಗಸರು ಒಬ್ಬರಿಗೊಬ್ಬರು ಉಡಿ ತುಂಬುವ ಹಾಗೆ. ಓಣಿಯ ತುದಿಯವಳಿಗೆ ಅರಿಸಿನ-ಕುಂಕುಮಕ್ಕೂ ಕರೆ ಇಲ್ಲ. ನನಗೆ ಬೇಕಾದ ಆಟಗಾರ್ತಿ ಒಬ್ಬಳಿದ್ದಾಳೆ, ಯಾವುದೋ ಸಣ್ಣ ದೇಶದವಳು. ಹೆಸರು ನನ್ನ ಬಾಯಲ್ಲಿ ನಿಲ್ಲುವುದಿಲ್ಲ, ಗಿಡ್ಡಿ ಅನ್ನುತ್ತೇನೆ. ಅವಳಿಗೆ ಯಾವಾಗಲೂ ತುದಿಯ ಅಂಗಳ, ನಡುಮಧ್ಯಾಹ್ನದ ಬಿಸಿಲು. ದೊಡ್ಡ ಅಂಗಳದಲ್ಲಿ ಆಟ ಮುಗಿದು ಇನ್ನೊಂದು ಶುರುವಾಗುವ ನಡುವೆ ಅವಳನ್ನು ಚೂರು ತೋರಿಸುತ್ತಾರೆ. ಗಿಡ್ಡಿ ಗೆದ್ದಳೋ ಸೋತಳೋ ತಿಳಿಯಲು ಪ್ರಣತಿಯ ಮೊಬೈಲನ್ನೇ ಕೇಳಬೇಕು. ತಂಪು ಹೊತ್ತಿನ ದೀಪದ ಆಟ ಹೆಚ್ಚಾಗಿ ಗಂಡಸರಿಗೆ. ಹೆಂಗಸರು ಬಿಸಿಲು ತಡೆಯುತ್ತಾರೆ ಅಂತ ಯಾರು ಹೇಳಿದರೋ.

ಇನ್ನು ಮದ್ದಿನ ವಿಷಯ. ನಿಷೇಧದ ಮದ್ದು ಮೈಯಲ್ಲಿ ಸಿಕ್ಕಿತು ಅಂದುಕೊಳ್ಳಿ. ಸಿಕ್ಕವರು ಮೇಲಿನವರಾಗಿದ್ದರೆ ವಕೀಲರು ಬರುತ್ತಾರೆ, ತಜ್ಞರು ಬರುತ್ತಾರೆ, ಹಿಂದೆಯೇ ಒಂದು ಕತೆ ಬರುತ್ತದೆ. ಕತೆ ಖರೆಯೇ ಇರಬಹುದು, ನಾನು ಸುಳ್ಳು ಅನ್ನುವುದಿಲ್ಲ. ಬಾಣಂತನ ಮುಗಿಸಿ ಎದ್ದ ಹಾಗೆ ಮೈ ತುಂಬಿಕೊಂಡು ವಾಪಸು ಬರುತ್ತಾರೆ. ಅದೇ ಕತೆಯನ್ನು ಕೆಳಗಿನವರು ಹೇಳಬೇಕೆಂದರೆ ಕೇಳುವ ಕಿವಿಗಾಗಿ ಪಾಳಿ ನಿಲ್ಲಬೇಕು. ಪಾಳಿ ಬರುವಷ್ಟರಲ್ಲಿ ವಯಸ್ಸು ಹೋಗಿರುತ್ತದೆ. ಶಿಕ್ಷೆ ಜಾಸ್ತಿಯೋ ಕಡಿಮೆಯೋ, ಅದಲ್ಲ ನನ್ನ ತಕರಾರು. ಕೇಳುವ ಕಿವಿ ಯಾಕೆ ಒಬ್ಬರಿಗೆ ಹತ್ತಿರ, ಒಬ್ಬರಿಗೆ ದೂರ?

ಗೆರೆ ಕಾಯಲು ಈಗ ಬಹಳ ಕಡೆ ಮನುಷ್ಯರೇ ಇಲ್ಲ. ಮೊದಲು ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನಿಲ್ಲುತ್ತಿದ್ದರು, ಶೇಂಗಾ ಹೊಲದಲ್ಲಿ ಕಳೆ ನೋಡುವವರ ಹಾಗೆ. ಈಗ ಯಂತ್ರವೇ ನೋಡಿ ‘ಔಟ್’ ಅಂತ ಕೂಗುತ್ತದೆ. ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಅದು ಇದ್ದಲಿಯ ಜಾತಿ. ಸಿಟ್ಟು ಇರುವುದು ಆ ಕಣ್ಣು ಎಲ್ಲಿಗೆ ಹೋಗುತ್ತದೆ ಅನ್ನುವುದರ ಮೇಲೆ. ಈಗಾಗಲೇ ಎಲ್ಲರೂ ನೋಡುತ್ತಿರುವ ಅಂಗಳದಲ್ಲಿ ಹತ್ತಾರು ಕಣ್ಣು. ಯಾರೂ ನೋಡದ ಅಂಗಳದಲ್ಲಿ, ಮಕ್ಕಳು ಆಡುವಲ್ಲಿ, ಒಂದೂ ಇಲ್ಲ. ಅಲ್ಲಿ ಏನು ನಡೆಯುತ್ತದೆ ಅನ್ನುವುದನ್ನು ನಾನು ಇದೇ ಊರಿನ ಮಣಿಕೊಂಡದಲ್ಲಿ ಕಣ್ಣಾರೆ ನೋಡಿದೆ. ಹೇಳುತ್ತೇನೆ, ಕೇಳಿ.

ಪ್ರಣತಿಯನ್ನು ನಾನು ಪನ್ನಿ ಅನ್ನುತ್ತೇನೆ. ಏಳನೇ ತರಗತಿ, ಕಡ್ಡಿಯಂಥ ಕೈಕಾಲು. ಮಣಿಕೊಂಡದ ಕಡೆ ಒಂದು ಟೆನಿಸ್ ಅಕಾಡೆಮಿ. ಅದರ ಮಾಲೀಕರು ಇವಳ ಆಟ ನೋಡಿ, ಹುಡುಗಿ ಚುರುಕಾಗಿದ್ದಾಳೆ, ಬೆಳಗಿನ ಹೊತ್ತು ಪುಕ್ಕಟೆ ಆಡಲಿ ಅಂದಿದ್ದರು. ಆ ಉಪಕಾರವನ್ನು ಬಸು ದಿನಾ ನೆನೆಸುತ್ತಿದ್ದ. ಮಾಲೀಕರನ್ನು ಕಂಡರೆ ಎರಡೂ ಕೈ ಎತ್ತಿ ಮುಗಿಯುತ್ತಿದ್ದ. ಅವರಿಗೆ ಒಬ್ಬಳು ಮಗಳು, ಲಾಸ್ಯ. ಪನ್ನಿಯ ಓರಗೆಯವಳು. ಇಬ್ಬರೂ ಒಟ್ಟಿಗೆ ಕಲಿಯುವವರು.

ಅದೇ ಅಕಾಡೆಮಿಯಲ್ಲಿ ಮಕ್ಕಳ ಟೂರ್ನಮೆಂಟು ನಡೆಯಿತು. ಫೈನಲ್ ಮುಟ್ಟಿದ ಇಬ್ಬರಿಗೆ ಮುಂದಿನ ದೊಡ್ಡ ಟೂರ್ನಮೆಂಟಿಗೆ ನೇರ ಪ್ರವೇಶ. ಪನ್ನಿ ಒಂದೊಂದೇ ಆಟ ಗೆದ್ದು ಸೆಮಿಫೈನಲ್ಲಿಗೆ ಬಂದಳು. ಅಲ್ಲಿ ಎದುರಿಗೆ ಸಿಕ್ಕಿದವಳು ಲಾಸ್ಯ. ಬೆಳಗ್ಗೆ ನಾನು ರೊಟ್ಟಿ ಕಟ್ಟುವಾಗ ಬಸು ಮಗಳಿಗೆ ಬುದ್ಧಿ ಹೇಳಿದ. “ಪನ್ನಿ, ಲಾಸ್ಯಾನ ಕೂಡ ತಕರಾರು ತಗೀಬ್ಯಾಡವಾ. ಅಕಿ ಏನಂತಾಳ ಅದ ಖರೆ ಅನ್ನು. ಸರ್ ನಮಗ ಕೋರ್ಟ್ ಕೊಟ್ಟಾರ.”

ಪನ್ನಿ ತಲೆ ಎತ್ತದೆ ಶೂ ಲೇಸು ಕಟ್ಟಿಕೊಂಡಳು. ನನಗೆ ಆಗ ಅರ್ಥವಾಗಲಿಲ್ಲ. ಅಂಗಳಕ್ಕೆ ಹೋದ ಮೇಲೆ ಆಯಿತು.

ಮಕ್ಕಳ ಆಟದಲ್ಲಿ ಅಂಪೈರ್ ಇಲ್ಲ. ನಿನ್ನ ಕಡೆ ಬಿದ್ದ ಚೆಂಡಿಗೆ ನೀನೇ ನ್ಯಾಯಾಧೀಶೆ. ಹೊರಗೆ ಬಿದ್ದರೆ ಬೆರಳು ಎತ್ತಿ ಔಟ್ ಅನ್ನಬೇಕು. ಎದುರಿನವಳಿಗೆ ಅನುಮಾನ ಬಂದರೆ ಇಂಗ್ಲಿಷಿನಲ್ಲಿ ‘ಆರ್ ಯು ಶ್ಯೂರ್’ ಅಂತ ಒಂದು ಸಲ ಕೇಳಬಹುದು. ಅವಳು ‘ಯೆಸ್’ ಅಂದರೆ ಮುಗಿಯಿತು. ಕಳ್ಳನನ್ನು ಕರೆದು ಕದ್ದೆಯೇನಪ್ಪಾ, ಖಾತ್ರಿಯೇನಪ್ಪಾ ಅಂತ ಕೇಳಿ, ಇಲ್ಲ ಅಂದರೆ ಚಹಾ ಕೊಟ್ಟು ಕಳಿಸುವ ಪೊಲೀಸರು ಇದ್ದ ಹಾಗೆ. ಎಲ್ಲ ಅಂಗಳಗಳಿಗೂ ಸೇರಿ ರೆಫರಿ ಒಬ್ಬ, ಸಣ್ಣ ವಯಸ್ಸಿನವನು. ಕರೆದರೆ ಬರುತ್ತಾನೆ, ನಾನು ಆ ಚೆಂಡು ನೋಡಿಲ್ಲ, ಅವಳು ಹೇಳಿದ್ದೇ ಸರಿ ಅಂತ ಹೇಳಿ ಹೋಗುತ್ತಾನೆ. ಸಿಮೆಂಟಿನ ಮೇಲೆ ನೀಲಿ ಬಣ್ಣ ಬಳಿದ ನೆಲ ಬೇರೆ. ಒಂದು ಗುರುತೂ ಉಳಿಯುವುದಿಲ್ಲ.

ನಾನು ಅಂಗಳದ ಸುತ್ತಿನ ತಂತಿ ಜಾಳಿಗೆಯ ಆಚೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಒಂದು ತುದಿಯ ಗೆರೆಗೆ ಸಮನಾಗಿ ಕೂತೆ. ಬಸು ಮಾಲೀಕರ ಪಕ್ಕ ನಿಂತಿದ್ದ, ಕೈ ಕಟ್ಟಿಕೊಂಡು.

ಪನ್ನಿಗೆ ಒಂದು ಹೊಡೆತವಿದೆ. ಮೂಲೆಗೆ ಹೋಗಿ ಎರಡು ಗೆರೆ ಕೂಡುವಲ್ಲಿ ಬೀಳುತ್ತದೆ. ಮೊದಲ ಸಲ ಅದು ಬಿದ್ದಾಗ ಲಾಸ್ಯ ಒಂದು ಕ್ಷಣ ಅಪ್ಪನ ಕಡೆ ನೋಡಿದಳು, ಆಮೇಲೆ ಬೆರಳು ಎತ್ತಿದಳು. ಔಟ್. ನಾನು ಕುರ್ಚಿಯಿಂದ ಅರ್ಧ ಎದ್ದೆ. ಪನ್ನಿ ಮುಂದಿನ ಪಾಯಿಂಟಿಗೆ ಹೋಗಿ ನಿಂತಳು. ಎರಡನೆಯ ಸಲ ಬಿತ್ತು, ಮತ್ತೆ ಅಪ್ಪ, ಮತ್ತೆ ಬೆರಳು. ಮೂರನೆಯದು ಗೆರೆಯ ಒಳಗೇ ಬಿದ್ದಿತ್ತು, ಕುರುಡನಿಗೂ ಕಾಣುವ ಹಾಗೆ. ಬೆರಳು. ಪನ್ನಿ ಒಮ್ಮೆ ಬಸುವಿನ ಕಡೆ ನೋಡಿದಳು. ಅವನು ಹೋಗಲಿ ಬಿಡು ಅನ್ನುವ ಹಾಗೆ ತಲೆ ಆಡಿಸಿದ.

ಅಲ್ಲಿಂದ ಮುಂದೆ ಆಟವೇ ಬದಲಾಯಿತು. ಪನ್ನಿ ಮೂಲೆಗೆ ಹೊಡೆಯುವುದನ್ನೇ ಬಿಟ್ಟಳು. ಎಲ್ಲ ಚೆಂಡನ್ನೂ ನಡುವಿಗೆ ಹೊಡೆಯತೊಡಗಿದಳು, ಯಾರೂ ಔಟ್ ಅನ್ನಲಾರದ ಜಾಗಕ್ಕೆ. ಲಾಸ್ಯ ನಿಂತಲ್ಲೇ ನಿಂತು ಅದನ್ನು ಮೂಲೆಮೂಲೆಗೆ ಬಡಿಯುತ್ತಿದ್ದಳು, ನಮ್ಮವಳು ಓಡಿ ಓಡಿ ಸಾಯುತ್ತಿದ್ದಳು. ಲಾಸ್ಯಳ ಚೆಂಡು ಗೆರೆಯಿಂದ ಹೊರಗೆ ಬಿದ್ದರೂ ಪನ್ನಿ ಆಟ ಮುಂದುವರಿಸುತ್ತಿದ್ದಳು. ಇಬ್ಬರ ಅಂಗಳವೂ ಒಂದೇ ಅಳತೆಯದು ಅಂತ ನಾವು ನೋಡುವವರು ತಿಳಿದಿರುತ್ತೇವೆ. ಅಲ್ಲ. ಅವಳದು ಬೆಳೆಯುತ್ತ ಹೋಯಿತು, ಇವಳದು ಕುಗ್ಗುತ್ತ ಹೋಗಿ ಕಡೆಗೆ ಒಂದು ಚಾಪೆಯಷ್ಟಾಯಿತು. ಗಿಡ್ಡಿ ಯಾಕೆ ಸೋಲುತ್ತಾಳೆ ಅಂತ ನನಗೆ ಅವತ್ತು ತಿಳಿಯಿತು. ಕೈಯಲ್ಲಿ ಶಕ್ತಿ ಇಲ್ಲದೆ ಅಲ್ಲ.

ಬದಿ ಬದಲಾಯಿಸುವ ಹೊತ್ತಿಗೆ ಪನ್ನಿ ನೀರು ಕುಡಿಯಲು ನನ್ನ ಕಡೆಯ ಬೆಂಚಿಗೆ ಬಂದಳು. ನಾನು ಜಾಳಿಗೆಗೆ ಬಾಯಿ ಹಚ್ಚಿ ಹೇಳಿದೆ. “ನಟ್ಟನಡುವ ಯಾಕ ಹೊಡ್ಯಾಕತ್ತೀದಿ? ಗೆರಿ ಅಕಿ ಅಪ್ಪಂದಲ್ಲ. ಗೆರಿಗೇ ಹೊಡಿ.”

ಹೇಳಿದ ಮೇಲೆ ನೆನಪಾಯಿತು, ಗೆರೆ ಖರೆಖರೆ ಅವಳ ಅಪ್ಪನದೇ. ಬಣ್ಣ ಬಳಿಸಿದವನು ಅವನೇ. ಇರಲಿ, ಆಡಿದ ಮಾತು ಹಿಂದೆ ತೆಗೆದುಕೊಳ್ಳುವವಳಲ್ಲ ನಾನು.

ಸುತ್ತ ಇದ್ದವರೆಲ್ಲ ತೆಲುಗು, ಹಿಂದಿ ಆಡುವವರು, ನನ್ನ ಮಾತು ಯಾರಿಗೆ ತಿಳಿಯುತ್ತದೆ ಅಂದುಕೊಂಡಿದ್ದೆ. ತಿಳಿದದ್ದು ಒಬ್ಬನಿಗೆ. ಆ ರೆಫರಿ ಹಿಂದೆಯೇ ನಿಂತಿದ್ದ, ರಾಯಚೂರಿನವನಂತೆ. “ಅಜ್ಜಿ, ಹಂಗ ಹೇಳಿಕೊಡಂಗಿಲ್ಲರಿ. ಕೋಚಿಂಗ್ ಆಕ್ಕೈತಿ. ಹುಡುಗಿಗೆ ವಾರ್ನಿಂಗ್ ಕೊಡಬೇಕಾಗತೈತಿ.”

ನೋಡಿ ಈ ಅನ್ಯಾಯ. ಟೀವಿಯಲ್ಲಿ ದೊಡ್ಡವರಿಗೆ ಈಗ ಗುರು ಪಕ್ಕದಲ್ಲೇ ಕೂತು ಹೀಗೆ ಹೊಡಿ, ಹಾಗೆ ಹೊಡಿ ಅಂತ ಕೂಗಬಹುದು, ಅದಕ್ಕೆ ನೇಮವೇ ಮಾಡಿಕೊಂಡಿದ್ದಾರೆ. ಗುರುವಿಗೆ ಸಂಬಳ, ವಿಮಾನ, ನೆರಳಲ್ಲಿ ಕುರ್ಚಿ. ಒಬ್ಬ ಅಜ್ಜಿ ಮೊಮ್ಮಗಳಿಗೆ ಒಂದು ಮಾತು ಹೇಳಿದರೆ ಅಪರಾಧ. ನಾನು ಸುಮ್ಮನಿರಬೇಕಿತ್ತು ಅನ್ನುತ್ತೀರಿ. ಇರಲಿಲ್ಲ. “ಕಿವಿ ಭಾಳ ಚೊಲೊ ಅದಾವಲ್ಲೋ ತಮ್ಮಾ ನಿನ್ನವು. ಕಣ್ಣು ಎಲ್ಲಿ ಇಟ್ಟು ಬಂದಿ?” ಅಂದೆ.

ಅದಕ್ಕೆ ಒಂದು ಪಾಯಿಂಟು ಹೋಯಿತು. ನನ್ನದಲ್ಲ, ಪನ್ನಿಯದು. ಅವಳು ನನ್ನನ್ನು ನೋಡಿದ ನೋಟ ಇದೆಯಲ್ಲ, ಅಷ್ಟು ಸಿಟ್ಟಿನಿಂದ ಅವಳು ಲಾಸ್ಯಳನ್ನೂ ನೋಡಿರಲಿಲ್ಲ. ಒಳ್ಳೆಯದೇ ಆಯಿತು. ಅಲ್ಲಿಯವರೆಗೆ ಅವಳ ಮುಖದಲ್ಲಿ ಸಿಟ್ಟೇ ಇರಲಿಲ್ಲ, ಬರೀ ಅಪ್ಪ ಇದ್ದ.

ಮುಂದಿನ ಚೆಂಡನ್ನು ಅವಳು ಮೂಲೆಗೆ ಹೊಡೆದಳು. ಗೆರೆಯ ಮೇಲೆಯೇ. ಬೆರಳು ಎದ್ದಿತು. ಪನ್ನಿ ಬಲೆಯ ಹತ್ತಿರ ಹೋಗಿ ಆರ್ ಯು ಶ್ಯೂರ್ ಅಂದಳು. ಯೆಸ್ ಅಂತ ಉತ್ತರ ಬಂತು. ಪನ್ನಿ ರೆಫರಿಯನ್ನು ಕರೆದಳು. ಅವನು ಬಂದು ಅದೇ ಪಾಠ ಒಪ್ಪಿಸಿದ, ನಾನು ನೋಡಿಲ್ಲ. ಹಾಗಾದರೆ ಈಗ ನಿಂತು ನೋಡಿ ಅಂದಳು. ಅವನು ಬಲೆಯ ಪಕ್ಕ ನಿಂತ. ಅವನು ನಿಂತ ಕೂಡಲೇ ಲಾಸ್ಯಳ ಬೆರಳಿಗೆ ವಿಶ್ರಾಂತಿ. ಪನ್ನಿ ಆ ಗೇಮು ಗೆದ್ದಳು. ಆ ಕಡೆಯ ಅಂಗಳದಲ್ಲಿ ಇಬ್ಬರು ಹುಡುಗರು ಜಗಳಕ್ಕೆ ಬಿದ್ದಿದ್ದರು, ಅವನು ಅತ್ತ ಹೊರಟ. ಪನ್ನಿ ಚೆಂಡನ್ನು ಜೇಬಿಗೆ ಹಾಕಿಕೊಂಡು, ರ‍್ಯಾಕೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತುಬಿಟ್ಟಳು.

ಅವನು ಅಲ್ಲಿಂದಲೇ ತೆಲುಗಿನಲ್ಲಿ ಆಡು, ಆಡು ಅಂದ. ಇವಳೂ ತೆಲುಗಿನಲ್ಲೇ ಹೇಳಿದಳು, ಎಲ್ಲರಿಗೂ ಕೇಳುವ ಹಾಗೆ. “ಮೀರು ಉಂಟೇನೇ ಸರ್ವ್ ಚೇಸ್ತಾನು.” ನೀವು ಇದ್ದರಷ್ಟೇ ಸರ್ವ್ ಮಾಡುತ್ತೇನೆ.

ತಡ ಮಾಡಿದರೆ ಪಾಯಿಂಟು ಹೋಗುತ್ತದೆ ಅಂದ. ಹೋಗಲಿ ಅಂದಳು. ಪಕ್ಕದ ಅಂಗಳದ ತಾಯಂದಿರು ಇತ್ತ ತಿರುಗಿದರು. ಮಾಲೀಕರು ಕಿವಿಯಿಂದ ಫೋನ್ ಇಳಿಸಿದರು. ಬಸು ಜಾಳಿಗೆಯ ಹತ್ತಿರ ಓಡಿಬಂದು, ಪನ್ನೀ, ಪನ್ನೀ ಅಂತ ಹಲ್ಲು ಕಚ್ಚಿ ಕರೆಯುತ್ತಿದ್ದ. ಅವಳು ಕಿವುಡಿಯ ಹಾಗೆ ನಿಂತಿದ್ದಳು. ನಾನು ಬಸುವಿನ ಅಂಗಿ ಹಿಡಿದು ಎಳೆದು ಪಕ್ಕದ ಕುರ್ಚಿಯಲ್ಲಿ ಕೂರಿಸಿದೆ. “ನನ್ನ ಬಾಯಿಗೆ ಒಂದು ಪಾಯಿಂಟ್ ಹೋತು. ನಿನ್ನ ಬಾಯಿಗೆ ಎಷ್ಟು ಕಳೀತಿ?” ಅಂದೆ.

ಕಡೆಗೆ ರೆಫರಿಯೇ ಒಂದು ಕುರ್ಚಿ ತಂದು ಬಲೆಯ ಪಕ್ಕ ಹಾಕಿಕೊಂಡು ಕೂತ. ಆಮೇಲೆ ನಡೆದದ್ದು ಟೆನಿಸ್. ಲಾಸ್ಯ ಕೆಟ್ಟ ಆಟಗಾರ್ತಿಯಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೈ ಕಾಲು ಗಟ್ಟಿ, ಸರ್ವಿಸು ಗುಂಡಿನಂತೆ. ಇಷ್ಟು ಆಡಬಲ್ಲ ಮಗುವಿಗೆ ಆ ಬೆರಳನ್ನು ಯಾಕೆ ಕಲಿಸಿದರೋ. ತುಂಬ ಹಿಂದೆ ಬಿದ್ದಿದ್ದ ಪನ್ನಿ ಒಂದೊಂದೇ ಗೇಮು ಕಿತ್ತುಕೊಂಡು ಸಮಕ್ಕೆ ಬಂದಳು. ಮೂಲೆಗೆ ಹೊಡೆದಳು, ಬದಿಯ ಗೆರೆಗೆ ಹೊಡೆದಳು, ಲಾಸ್ಯಳನ್ನು ಆ ತುದಿಯಿಂದ ಈ ತುದಿಗೆ ಓಡಿಸಿದಳು. ಅಂಗಳ ಮತ್ತೆ ತನ್ನ ಅಳತೆಗೆ ಬಂದಿತ್ತು. ನಾನು ಬುತ್ತಿ ಬಿಚ್ಚುವುದನ್ನೂ ಮರೆತು ಕೂತಿದ್ದೆ.

ಕೊನೆಯ ಪಾಯಿಂಟಿನ ಹೊತ್ತಿಗೆ ಲಾಸ್ಯ ನನ್ನ ಕಡೆಯ ತುದಿಯಲ್ಲಿದ್ದಳು, ಒಂದು ಪಾಯಿಂಟಿನಿಂದ ಮುಂದೆ. ಉದ್ದನೆಯ ಆಟ ನಡೆಯಿತು. ಕಡೆಗೆ ಪನ್ನಿ ಜೀವ ಎಲ್ಲ ಸೇರಿಸಿ ಹಿಂದಿನ ಗೆರೆಗೆ ಹೊಡೆದಳು. ಚೆಂಡು ನನ್ನ ಕಣ್ಣೆದುರಿಗೇ ಬಿತ್ತು. ಲಾಸ್ಯ ಬೆರಳು ಎತ್ತಿದಳು, ಅಪ್ಪನ ಕಡೆ ನೋಡದೆ. ಪನ್ನಿ ರೆಫರಿಯ ಕಡೆ ನೋಡಿದಳು. ಅವನೂ ಔಟ್ ಅಂದ, ಲಾಸ್ಯ ಗೆದ್ದಳು. ಹುಡುಗಿಯರಿಬ್ಬರೂ ಕೈ ಕುಲುಕಿದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೊರಡುವಾಗ ಮಾಲೀಕರು ಬಂದರು. ಬಹಳ ಮರ್ಯಾದೆಯಿಂದ, ಹಿಂದಿಯಲ್ಲಿ, ಬಸುವಿಗಲ್ಲ ನನಗೆ ಹೇಳಿದರು: ನಾಳೆಯಿಂದ ಬೆಳಗಿನ ಹೊತ್ತು ಬೇರೆ ಮಕ್ಕಳಿಗೆ ಬೇಕಾಗಿದೆ, ನೀವು ಬೇರೆ ಕಡೆ ನೋಡಿಕೊಳ್ಳಿ. ಬಸು ಆಗಲೂ ಕೈ ಮುಗಿಯಲು ಹೊರಟಿದ್ದ, ನಾನು ಆ ಕೈಗೆ ಬುತ್ತಿಚೀಲ ಕೊಟ್ಟೆ. ನನ್ನ ಹಿಂದಿ ಕೋಠಿ ಬಜಾರಿನಲ್ಲಿ ಸೀರೆ ಚೌಕಾಸಿ ಮಾಡಿ ಕಲಿತದ್ದು. ಅದರಲ್ಲೇ ಹೇಳಿದೆ: ಅಂಗಳ ನಿಮ್ಮದು, ಬೀಗ ಹಾಕಿಕೊಳ್ಳಿ. ಆದರೆ ನಿಮ್ಮ ಮಗಳು ನಾಳೆ ಬೇರೆಯವರ ಅಂಗಳಕ್ಕೆ ಹೋಗುತ್ತಾಳೆ, ಅಲ್ಲಿ ಗೆರೆಗೆ ಬೇರೆ ಅಪ್ಪ ಇರುತ್ತಾನೆ. ಲಾಸ್ಯ ಸ್ವಲ್ಪ ದೂರದಲ್ಲಿ ಬೂಟಿನಿಂದ ನೆಲ ಕೆರೆಯುತ್ತ ನಿಂತಿದ್ದಳು.

ಕಾರಿನಲ್ಲಿ ಮನೆಗೆ ಹೊರಟೆವು. ಫ್ಲೈಓವರ್ ಕೆಳಗೆ ಗಾಡಿಗಳು ನಿಂತಲ್ಲೇ ನಿಂತಿದ್ದವು. ಬಸು ನನಗೆ ಬೈಯುತ್ತಾನೆ ಅಂದುಕೊಂಡು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅವನು ಬೈದದ್ದು ಅವರಿಗೆ. ಕೋರ್ಟು ಹೇಗೂ ಕೈಬಿಟ್ಟಿತ್ತಲ್ಲ, ಮಗನಿಗೆ ಬಾಯಿ ಬಂದಿತ್ತು. “ಕಡೀ ಪಾಯಿಂಟಿನ್ಯಾಗೂ ಮೋಸ ಮಾಡಿದ್ರು ನೋಡವ್ವ. ಆ ರೆಫ್ರಿನೂ ಅವರ ಮನಷ್ಯಾನ. ನನ್ನ ಮಗಳು ಸೋತಿಲ್ಲ, ಸೋಲಿಸ್ಯಾರ,” ಅಂತ ಹಾರನ್ ಬಡಿದ. ಮಗಳಿಗೆ ಸಮಾಧಾನ ಆಗಲಿ ಅಂತ ಹೇಳುತ್ತಿದ್ದ. ಬೆಳಗ್ಗೆ ತಾನೇ ಹೇಳಿದ ಮಾತನ್ನು ನುಂಗಲು ಅವನಿಗೆ ಈ ಮೋಸ ಬೇಕಾಗಿತ್ತು.

ಪನ್ನಿ ನನ್ನ ಕಡೆ ತಿರುಗಿದಳು. “ಅಜ್ಜಿ, ನೀ ಗೆರಿ ಸಮಾ ಕುಂತಿದ್ದಿ. ಆ ಕಡೀ ಬಾಲ್ ಒಳಗ ಬಿತ್ತೋ, ಹೊರಗ ಬಿತ್ತೋ?”

ಕನ್ನಡಿಯಲ್ಲಿ ಬಸು ನನಗೆ ಕಣ್ಣು ಮಾಡಿದ. ಒಳಗೆ ಅನ್ನು ಅಂತ.

“ಹೊರಗ ಬಿತ್ತು,” ಅಂದೆ.

“ಎಷ್ಟು?”

“ನಾಕು ಬೆರಳು.”

ಬಸು ಅವ್ವಾ ಅಂದ. ಪನ್ನಿ ತನ್ನ ನಾಲ್ಕು ಬೆರಳನ್ನು ಸೀಟಿನ ಮೇಲೆ ಇಟ್ಟು ನೋಡಿದಳು. ಕಣ್ಣಲ್ಲಿ ನೀರು ಬಂದಿದ್ದರೆ ನನಗೆ ಕಾಣಲಿಲ್ಲ, ನಾನು ಹುಡುಕಲೂ ಇಲ್ಲ.

“ನಾಕು ಬೆರಳಂದ್ರ ಭಾಳ ಆತು,” ಅಂದಳು. “ಮೊಣಕಾಲು ಬಗ್ಗಿಸಲಿಲ್ಲ ನಾ. ಅದಕ್ಕ ಉದ್ದ ಹೋತು. ನಾಳೆ ಅದನ್ನ ತಿದ್ದಬೇಕು.”

ಎಲ್ಲಿ ಅಂತ ಬಸು ಕೇಳಲಿಲ್ಲ. ನಾನೂ ಕೇಳಲಿಲ್ಲ.